ಮೊದಲನೇ ಸಲ ಕ್ರೂಸ್ ಹಡಗು: ಹೋಗೂಕಿಂತ ಮೊದಲಿನ ಅಂಜಿಕಿ ಹೆಂಗ ಕಳೀಬೇಕ್ರಿ?

ಸಾಧನಕೇರಿ_ದಂಡಿ (ಧಾರವಾಡ) ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ಜನವರಿ ಕಡೀ ವಾರದಾಗ ಮುಂಬಯಿಯಿಂದ ಕ್ರೂಸ್ ಹಡಗು ಹತ್ತಬೇಕಂತ ಮಾಡೇವಿ. ರೊಕ್ಕ ಇನ್ನೂ ಕಟ್ಟಿಲ್ಲ. ಗೋವಾಕ್ಕ ಹೋಗಿ ಮುಂಬಯಿಗೇ ತಿರುಗಿ ಬರೂದೋ, ಲಕ್ಷದ್ವೀಪದ್ದೋ ಅನ್ನೂದೂ ಬಗಿಹರಿದಿಲ್ಲ. ಹೋಗಾವ್ರು ಐದು ಮಂದಿ. ಅಪ್ಪಾರಿಗೆ 69, ಬಿಪಿ ಗುಳಿಗಿ, ಇನ್ಸುಲಿನ್ ಎರಡೂ ನಡದಾವ. ಅವ್ವಗ 64, ಮೊಣಕಾಲ ನೋವು. ನಾವಿಬ್ರು, ಮತ್ತ ಏಳು ವರ್ಷದ ಮಗಳು.

ದಿನಾ ಹತ್ತಿರ ಬಂದಂಗ ಮನ್ಯಾಗ ಅಂಜಿಕಿ ಹೆಚ್ಚಾಗೇದ. "ಸುತ್ತೆಲ್ಲಾ ನೀರು, ನಡುವ ಏನರ ಆದ್ರ ಯಾರನ್ನ ಕರೀಬೇಕು" ಅಂತಾಳ ಅವ್ವ. ಅಪ್ಪಾರಿಗೆ ವಾಂತಿದ್ದು ಚಿಂತಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯೂದ್ರಾಗ ಅವರಿಗೂ ಮಗಳಿಗೂ ತಲಿ ತಿರಗ್ತದ, ಹಂಗಾದ್ರ ಸಮುದ್ರದಾಗ ಏನ್ ಗತಿ ಅಂತ ಕೇಳ್ತಾರ. ನನಗ ರೈಲು ತಡಾ ಆಗಿ ಹಡಗು ತಪ್ಪಿದ್ರ ಹೆಂಗ ಅನ್ನೂದು. ಧೈರ್ಯ ಹೇಳಾವ್ರು ಭಾಳ ಮಂದಿ ಅದಾರ. ಏನು ಮಾಡಬೇಕು, ಯಾಕ ಮಾಡಬೇಕು ಅಂತ ಬಿಡಿಸಿ ಹೇಳಾವ್ರು ಬೇಕಾಗ್ಯಾರ.


ಧಕ್ಕೆ_ದಾರಿ (ಹುಬ್ಬಳ್ಳಿ):

ಗುಳಿಗೆಯ ಮಾತು ಆಮೇಲೆ. ಮಾರ್ಗ, ತಿಂಗಳು, ಕೋಣೆ ಈ ಮೂರನ್ನು ನೋಡಿ ಆರಿಸಿದರೆ ನೀವು ಬರೆದ ಅಂಜಿಕೆಯಲ್ಲಿ ಅರ್ಧ ಬುಕಿಂಗ್ ಮಾಡುವಾಗಲೇ ಕಳೆಯುತ್ತದೆ. ರೊಕ್ಕ ಕಟ್ಟಿಲ್ಲ ಅಂದಿರಲ್ಲ, ಒಳ್ಳೆಯದಾಯಿತು.

ಮಾರ್ಗ ಗೋವಾದ್ದೇ ಹಿಡಿಯಿರಿ. ಕಾರಣ ನಿಮ್ಮ ತಾಯಿಯವರ ಮೊಣಕಾಲು. ಲಕ್ಷದ್ವೀಪದಲ್ಲಿ ಇಷ್ಟು ದೊಡ್ಡ ಹಡಗು ಬಂದು ತಾಗಿ ನಿಲ್ಲುವ ಧಕ್ಕೆ, ಅಂದರೆ ಬಂದರುಕಟ್ಟೆ, ಇಲ್ಲ. ಹವಳದ ದಿಬ್ಬದ ಹೊರಗೆ ಆಳ ನೀರಿನಲ್ಲಿ ಹಡಗು ನಿಲ್ಲುತ್ತದೆ, ಜನ ಸಣ್ಣ ದೋಣಿಗೆ ಇಳಿದು ದ್ವೀಪಕ್ಕೆ ಹೋಗಬೇಕು. ಹಡಗು ಅಲುಗದಂತೆ ನಿಂತಿದ್ದರೂ ಪಕ್ಕದ ದೋಣಿ ಅಲೆಗೆ ಏರಿ ಇಳಿಯುತ್ತಲೇ ಇರುತ್ತದೆ. ದೋಣಿ ಮೇಲೆ ಬಂದ ಗಳಿಗೆ ನೋಡಿ, ಸಿಬ್ಬಂದಿ ತೋಳು ಹಿಡಿದಾಗ ತಡಮಾಡದೆ ಹೆಜ್ಜೆ ಇಡಬೇಕು. ಕಾಲಲ್ಲಿ ಕಸುವಿದ್ದವರಿಗೆ ಇದು ಏನೂ ಅಲ್ಲ. ಮೊಣಕಾಲು ಮಡಚಲು ಹಿಂಜರಿಯುವವರು ಅಲ್ಲೇ ಬೀಳುವುದು. ಅಲೆ ಜೋರಿದ್ದ ದಿನ ಇಳಿಸುವುದನ್ನೇ ರದ್ದು ಮಾಡಬಹುದು ಕೂಡ. ಗೋವಾದಲ್ಲಿ ಮುರ್ಮಗೋವಾ ಬಂದರಿನ ಧಕ್ಕೆಗೇ ಹಡಗು ಬಂದು ನಿಲ್ಲುತ್ತದೆ. ಕೈಗೆ ಹಿಡಿಯಲು ಕಂಬಿ ಇರುವ ಸೇತುವೆ ಮೇಲೆ ನಡೆದು ಇಳಿಯಬಹುದು.

ತಿಂಗಳ ವಿಷಯದಲ್ಲಿ ನೀವು ಸರಿಯಾಗಿಯೇ ಇದ್ದೀರಿ. ಅರಬ್ಬೀ ಸಮುದ್ರ ಕೆರಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ; ಆಗ ಪಶ್ಚಿಮ ಕರಾವಳಿಯಲ್ಲಿ ಮೂರು-ನಾಲ್ಕು ಮೀಟರ್ ಅಲೆ ಏಳುವುದು ಸಾಮಾನ್ಯ. ಚಂಡಮಾರುತಗಳು ಮುಂಗಾರಿಗೆ ಸ್ವಲ್ಪ ಮುಂಚೆ ಮತ್ತು ಅದು ಹಿಂದೆ ಸರಿದ ಮೇಲೆ ಬರುತ್ತವೆ. 2021ರ ತೌಕ್ತೆ ಬಂದದ್ದು ಮೇ ತಿಂಗಳಲ್ಲಿ. ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಸಮುದ್ರ ಬಹುಮಟ್ಟಿಗೆ ಶಾಂತ. ಹೊರಡುವ ಮೂರು-ನಾಲ್ಕು ದಿನ ಮುಂಚೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸಮುದ್ರ ಮುನ್ಸೂಚನೆಯಲ್ಲಿ ಮಹಾರಾಷ್ಟ್ರ, ಗೋವಾ ಕರಾವಳಿಯ ಅಲೆಯ ಎತ್ತರ ನೋಡಿ. ಒಂದು ಮೀಟರ್ ಆಸುಪಾಸು ಇದ್ದರೆ ದೊಡ್ಡ ಹಡಗಿನಲ್ಲಿ ಗೊತ್ತೇ ಆಗುವುದಿಲ್ಲ ಅನ್ನಬಹುದು. ಎರಡೂವರೆ ದಾಟಿದರೆ ನಡೆಯುವಾಗ ಕಾಲು ಅಡ್ಡಾದಿಡ್ಡಿ ಬೀಳತೊಡಗುತ್ತದೆ. ತಿಂಗಳ ಮೊದಲೇ ಹವಾಮಾನ ನೋಡುತ್ತ ಕೂತರೆ ಅಂಜಿಕೆ ಬೆಳೆಯುವುದೇ ಹೊರತು ಉಪಯೋಗವಿಲ್ಲ, ಅಷ್ಟು ಮುಂಚಿನ ಮುನ್ಸೂಚನೆ ನಿಲ್ಲುವುದಿಲ್ಲ.

ಇನ್ನು ಕೋಣೆ. ಇಲ್ಲಿಯೇ ಜನ ಹೆಚ್ಚು ತಪ್ಪುವುದು. ಮಕ್ಕಳ ಆಟದ ತೂಗು ಹಲಗೆ ನೆನಪಿಸಿಕೊಳ್ಳಿ: ಎರಡು ತುದಿ ಏರಿಳಿಯುತ್ತವೆ, ನಡುವಿನ ಜಾಗ ಅಲುಗುವುದು ಕಡಿಮೆ. ಹಡಗು ಅಲೆ ಏರಿ ಇಳಿಯುವಾಗ ಮುಂದಿನ ತುದಿ, ಹಿಂದಿನ ತುದಿಗಳಲ್ಲಿ ಏರಿಳಿತ ಜಾಸ್ತಿ. ಎಡಬಲ ಓಲಾಡುವಾಗ ಮೇಲಿನ ಡೆಕ್ಕುಗಳಲ್ಲಿ (ಹಡಗಿನ ಅಂತಸ್ತುಗಳಲ್ಲಿ) ಓಲಾಟ ಜಾಸ್ತಿ. ಆದ್ದರಿಂದ ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಡೆಕ್ಕು. ಇಂಥ ಕೋಣೆ ಬಾಲ್ಕನಿ ಕೋಣೆಗಿಂತ ಅಗ್ಗವೂ ಹೌದು. ಓಲಾಟ ತಗ್ಗಿಸಲು ಈಗಿನ ಕ್ರೂಸ್ ಹಡಗುಗಳಿಗೆ ನೀರಿನೊಳಗೆ ಎರಡೂ ಬದಿಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ. ಅವು ಎಡಬಲದ ಓಲಾಟ ತಡೆಯುತ್ತವೆ, ಮುಂದೆ ಹಿಂದಿನ ಏರಿಳಿತವನ್ನಲ್ಲ. ಅದಕ್ಕೇ ತುದಿಯ ಕೋಣೆ ಬೇಡ ಅನ್ನುವುದು.

"ಗ್ಯಾರಂಟಿ ಕೋಣೆ" ಅಂತ ಕಡಿಮೆ ದರಕ್ಕೆ ಕೊಡುತ್ತಾರೆ. ಅದರಲ್ಲಿ ಯಾವ ಕೋಣೆ ಅನ್ನುವುದನ್ನು ಕಂಪನಿಯೇ ಗೊತ್ತು ಮಾಡುತ್ತದೆ, ನಿಮಗೆ ಮೂತಿಯ ಕೋಣೆಯೂ ಬರಬಹುದು. ಹಿರಿಯರು ಜೊತೆಗಿದ್ದಾಗ ಆ ಉಳಿತಾಯ ಬೇಡ. ಡೆಕ್ ನಕ್ಷೆ ತೆಗೆದು ಕೋಣೆಯ ಸಂಖ್ಯೆ ನೋಡಿಯೇ ಬುಕ್ ಮಾಡಿ: ಲಿಫ್ಟಿನಿಂದ ನಾಲ್ಕೈದು ಬಾಗಿಲು ದೂರ, ಮೇಲೆ ಕೆಳಗೆ ಎರಡೂ ಕಡೆ ಮಲಗುವ ಕೋಣೆಗಳೇ ಇರಬೇಕು. ತಲೆಯ ಮೇಲೆ ಈಜುಕೊಳದ ಡೆಕ್ಕೋ ಅಡುಗೆಮನೆಯೋ ಇದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ. ಐದು ಜನಕ್ಕೆ ಅಕ್ಕಪಕ್ಕದ ಎರಡು ಕೋಣೆ ಸಾಕು. ಬಚ್ಚಲಮನೆ ಬಾಗಿಲಲ್ಲಿ ಗೇಣಿಗಿಂತ ಕಡಿಮೆ ಎತ್ತರದ ಹೊಸ್ತಿಲು ಇರುತ್ತದೆ, ರಾತ್ರಿ ಎದ್ದವರು ಎಡವುವುದು ಅದಕ್ಕೇ. ಬಚ್ಚಲ ದೀಪ ಹಾಕಿಟ್ಟು ಮಲಗಿ.

ರೈಲಿನ ಚಿಂತೆಗೆ ಒಂದೇ ಉತ್ತರ: ಹಡಗಿನ ಹಿಂದಿನ ದಿನವೇ ಮುಂಬಯಿ ಮುಟ್ಟಿರಿ. ಹುಬ್ಬಳ್ಳಿ–ದಾದರ್ ಎಕ್ಸ್‌ಪ್ರೆಸ್ ಮರುದಿನ ಬೆಳಿಗ್ಗೆ ಮುಟ್ಟಿಸುತ್ತದೆ, ಹಡಗು ಇರುವುದು ಮಧ್ಯಾಹ್ನದ ಮೇಲೆ, ಹಾಗಾಗಿ ಅದೇ ದಿನ ಸಾಕು ಅಂತ ಲೆಕ್ಕ ಹಾಕುವವರಿದ್ದಾರೆ. ಹೆಚ್ಚಿನ ಸಲ ಸಾಕೂ ಆಗುತ್ತದೆ. ಆದರೆ ಹಡಗು ಹೊರಡುವ ಹೊತ್ತು ಬೇರೆ, ಹತ್ತಿಸಿಕೊಳ್ಳುವುದನ್ನು ನಿಲ್ಲಿಸುವ ಹೊತ್ತು ಬೇರೆ. ಎರಡನೆಯದು ಒಂದೆರಡು ಗಂಟೆ ಮುಂಚೆಯೇ ಇರುತ್ತದೆ, ಟಿಕೆಟ್ಟಿನಲ್ಲಿ ಬರೆದಿರುತ್ತದೆ. ಆ ಗೇಟು ಮುಚ್ಚಿದ ಮೇಲೆ ಕಟ್ಟಿದ ಹಣ ಹೋಯಿತು. ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಅದರ ಮುಂದೆ ಏನೂ ಅಲ್ಲ, ಮತ್ತು ಹಿರಿಯರು ನಿದ್ದೆ ಮಾಡಿ ಹತ್ತಿದರೆ ತಲೆ ತಿರುಗುವುದೂ ಕಡಿಮೆ.


ಗುಳಿಗಿ_ಚೀಟಿ (ಗದಗ):

ಧಕ್ಕೆ_ದಾರಿಯವರು ಹೇಳಿದ ಕೋಣಿ ಸಿಕ್ರ ಔಷಧದ ಕೆಲಸ ಹಗರ ಆಗ್ತದ. ಆದ್ರೂ ಘಟ್ಟದಾಗ ತಲಿ ತಿರುಗಾವ್ರು ಗುಳಿಗಿ ಇಟ್ಕೊಂಡs ಹೋಗಬೇಕು.

ಮೊದಲು ಕಾರಣಾ ತಿಳ್ಕೋರಿ. ಕಿವಿ ಒಳಗಿನ ತೂಕ ಹಿಡಿಯೂ ಅಂಗ "ಅಲುಗ್ಯಾಡ್ಲಿಕತ್ತೇವಿ" ಅಂತದ, ಕೋಣಿ ಗ್ವಾಡಿ ನೋಡೂ ಕಣ್ಣು "ಇಲ್ಲ, ಸುಮ್ನ ನಿಂತೇವಿ" ಅಂತದ. ಎರಡರ ಸಾಕ್ಷಿ ಕೂಡದಿದ್ದಾಗ ಹೊಟ್ಟಿ ತೊಳಸ್ತದ. ಅದಕ್ಕs ಮೊಬೈಲು ನೋಡಿದ್ರ, ಪುಸ್ತಕ ಓದಿದ್ರ ಹೆಚ್ಚಾಗ್ತದ. ಡೆಕ್ಕಿನ ಮ್ಯಾಲೆ ಬಂದು ನೀರು-ಆಕಾಶ ಕೂಡೂ ಗೆರಿ ನೋಡಿದ್ರ ಕಡಿಮಿ ಆಗ್ತದ, ಯಾಕಂದ್ರ ಆವಾಗ ಕಣ್ಣೂ ಕಿವೀನೂ ಒಂದs ಮಾತು ಹೇಳ್ತಾವ. ಈ ತ್ರಾಸು ಎರಡು ವರ್ಷದಿಂದ ಹನ್ನೆರಡು ವರ್ಷದ ತನಕ ಜಾಸ್ತಿ, ವಯಸ್ಸಾದಂಗ ಕಡಿಮಿ ಆಗ್ತದ. ನಿಮ್ಮ ಮನ್ಯಾಗ ಅಪ್ಪಾರಿಗಿಂತ ಮಗಳ ಕಡೆ ಹೆಚ್ಚು ಲಕ್ಷ್ಯ ಇರ್ಲಿ.

ಗುಳಿಗಿ ವಾಂತಿ ಬಂದ ಮ್ಯಾಲೆ ತೊಗೊಂಡ್ರ ಹೊಟ್ಯಾಗ ನಿಲ್ಲೂದಿಲ್ಲ. ಮೊದಲs ತೊಗೋಬೇಕು. ಬಸ್ಸಿಗೆ ಕೊಡೂ ಅವೋಮಿನ್ (ಪ್ರೊಮೆಥಜಿನ್ 25 ಮಿಗ್ರಾಂ) ದೊಡ್ಡವರಿಗೆ ಹಿಂದಿನ ರಾತ್ರಿ ಮಲಗೂವಾಗ ಒಂದು, ಇಲ್ಲಾ ಹೊರಡೂ ಒಂದೆರಡು ತಾಸು ಮೊದಲು ಒಂದು. ಸಿನ್ನರಿಜಿನ್ ಆದ್ರ ಎರಡು ತಾಸು ಮೊದಲು. ಎರಡರಾಗ ಒಂದs, ಎರಡೂ ಕೂಡ್ಸಿ ಅಲ್ಲ. ಎರಡೂ ನಿದ್ದಿ ತರ್ತಾವ, ಅವೋಮಿನ್ ಹೆಚ್ಚು. ಇದರ ಮ್ಯಾಲೆ ಕುಡಿಯೂದು ಬ್ಯಾಡs ಬ್ಯಾಡ.

69 ವರ್ಷದವರಿಗೆ ಇವನ್ನ ಸುಮ್ನ ಅಂಗಡ್ಯಾಗ ಕೇಳಿ ತೊಗೋಬ್ಯಾಡ್ರಿ. ಪ್ರಾಸ್ಟೇಟ್ ತೊಂದ್ರಿ ಇದ್ದವರಿಗೆ ಅವೋಮಿನ್ ಮೂತ್ರ ಕಟ್ಟಿಸಬಹುದು, ಗ್ಲಾಕೋಮಾ ಇದ್ರ ಕಣ್ಣಿಗೆ ಅಪಾಯ. ಕೈ ನಡುಗೂ ಪಾರ್ಕಿನ್ಸನ್ ಇದ್ದವರಿಗೆ ಸಿನ್ನರಿಜಿನ್ ಆಗೂದಿಲ್ಲ. ಡಾಕ್ಟರ್ ಕೇಳಿ, ಆಮ್ಯಾಲೆ ಹೊರಡೂ ಹದಿನೈದು ದಿನಾ ಮೊದಲು ಮನ್ಯಾಗs ಒಂದು ರಾತ್ರಿ ತೊಗೊಂಡು ನೋಡ್ರಿ. ಎಷ್ಟು ಜೋಲಿ ಹೊಡೀತಾರ, ಎದ್ದಾಗ ಕಾಲು ತಪ್ಪತಾವೇನು ಅನ್ನೂದು ಮನ್ಯಾಗs ಗೊತ್ತಾಗ್ಲಿ, ಹಡಗಿನ ಹೊಸ್ತಿಲದಾಗ ಬ್ಯಾಡ. ಮಗಳಿಗೆ ತೂಕದ ಪ್ರಕಾರ ಮಕ್ಕಳ ಡಾಕ್ಟರs ಬರದು ಕೊಡಬೇಕು. ದೊಡ್ಡವರ ಗುಳಿಗಿ ಮುರದು ಅಂದಾಜಿಗೆ ಕೊಡಬ್ಯಾಡ್ರಿ.

ಇನ್ನೊಂದು ತಪ್ಪು ಭಾಳ ಕಾಣ್ತದ. ಹೊಟ್ಟಿ ಕೆಟ್ಟಾಗ ಕೊಡೂ ಆಂಡನ್‌ಸೆಟ್ರಾನ್ ಮನ್ಯಾಗ ಇರ್ತದ, ಅದೂ ವಾಂತಿಗೇ ಅಲ್ಲಾ ಅಂತ ಅದನ್ನs ಒಯ್ತಾರ. ಓಲಾಟದ ವಾಂತಿ ತಡೀಲಿಕ್ಕೆ ಅದು ಉಪಯೋಗಕ್ಕ ಬರೂದಿಲ್ಲ, ದಾರಿ ಬ್ಯಾರೆ.

ಇನ್ಸುಲಿನ್ ಬಗ್ಗೆ. ಹಚ್ಚಲಿಕ್ಕೆ ಸುರು ಮಾಡಿದ ಪೆನ್ನು ಹೆಚ್ಚಿನ ಕಂಪನಿವು 30 ಡಿಗ್ರಿ ಒಳಗ ಸುಮಾರು ನಾಕು ವಾರ ತಡೀತಾವ, ಡಬ್ಬಿ ಮ್ಯಾಲಿನ ಸೂಚನಾ ನೋಡ್ಕೋರಿ. ಏಸಿ ಕೋಣ್ಯಾಗ ಎರಡು-ಮೂರು ದಿನಕ್ಕ ಫ್ರಿಜ್ಜs ಬೇಕಾಗಿಲ್ಲ. ಕೋಣ್ಯಾಗಿನ ಸಣ್ಣ ಫ್ರಿಜ್ಜಿನ ತಂಪು ನಂಬಬ್ಯಾಡ್ರಿ. ಒಂದರಾಗ ಬರ್ಫ ಕಟ್ತದ, ಒಂದರಾಗ ತಂಪs ಆಗೂದಿಲ್ಲ, ಬರ್ಫ ಕಟ್ಟಿದ ಇನ್ಸುಲಿನ್ ಒಗೀಬೇಕು. ಇನ್ನೂ ಸುರು ಮಾಡದ ಪೆನ್ನು ಹೆಚ್ಚಿಗಿ ಒಯ್ದ್ರ ಹಡಗಿನ ದವಾಖಾನಿ ಫ್ರಿಜ್ಜಿನಾಗ ಇಡ್ಸಿಕೊಡ್ರಿ ಅಂತ ಕೇಳ್ರಿ. ಖರೇ ಅಪಾಯ ಬ್ಯಾರೆ ಕಡೆ ಅದ: ಹೊಟ್ಟಿ ತೊಳಸಿ ಊಟಾ ಬಿಟ್ಟು, ದಿನದ ಪ್ರಮಾಣದ ಇನ್ಸುಲಿನ್ ಮಾತ್ರ ಹಚ್ಚಿಕೊಂಡ್ರ ಶುಗರ್ ಕುಸೀತದ. "ಉಣ್ಣಲಿಕ್ಕೆ ಆಗದಿದ್ರ ಎಷ್ಟು ಹಚ್ಚಬೇಕು" ಅಂತ ಡಾಕ್ಟರ ಕಡೆಯಿಂದ ಒಂದು ಚೀಟಿ ಮ್ಯಾಲೆ ಬರಸ್ಕೋರಿ. ಗ್ಲುಕೋಮೀಟರ್, ಸ್ಟ್ರಿಪ್ಪು, ಗ್ಲುಕೋಸ್ ಪುಡಿ, ಓಆರ್‌ಎಸ್ ಪಾಕೀಟು ನಾಕು ಕೈಚೀಲದಾಗ ಇರ್ಲಿ. ಬಿಪಿಗೆ ಮೂತ್ರ ಹೆಚ್ಚು ಮಾಡೂ ಗುಳಿಗಿ ಇದ್ರ ವಾಂತಿ ಆದ ದಿನ ನೀರು ಕಡಿಮಿ ಆಗಿ ಬಿಪಿ ಇಳೀತದ, ಅದನ್ನೂ ಕೇಳಿಟ್ಕೋರಿ.

ಔಷಧ ಯಾವುದೂ ಸೂಟ್‌ಕೇಸಿನಾಗ ಹಾಕಬ್ಯಾಡ್ರಿ. ಧಕ್ಕೆ ಮ್ಯಾಲೆ ಸೂಟ್‌ಕೇಸು ಅವರ ಕೈಯಾಗ ಕೊಟ್ರ ಕೋಣಿ ಬಾಗಲಕ್ಕ ಬರೂದ್ರಾಗ ಕೆಲವು ತಾಸು ಹಿಡೀತದ. ಅಷ್ಟರಾಗ ಮಧ್ಯಾಹ್ನದ ಊಟ, ಇಂಜೆಕ್ಷನ್ ಹೊತ್ತು ಎರಡೂ ಬಂದಿರ್ತಾವ.


ಏಲಕ್ಕಿ_ಹಾರ (ಹಾವೇರಿ):

ತಾಯಿಯವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. "ಏನೂ ಆಗಲ್ಲ ಬಿಡವ್ವಾ" ಅಂದರೆ ಅಂಜಿಕೆ ಹೋಗುವುದಿಲ್ಲ. ಏನಾದರೂ ಆದರೆ ಏನು ಮಾಡುತ್ತಾರೆ ಅನ್ನುವುದನ್ನು ತಿಳಿಸಿದರೆ ಹೋಗುತ್ತದೆ.

1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದ ಜನರಲ್ಲಿ ಅರ್ಧಕ್ಕೆ ಮಾತ್ರ ಸಾಲುವಷ್ಟು ಜೀವರಕ್ಷಕ ದೋಣಿಗಳಿದ್ದವು. ಅದರಿಂದಾಗಿ 1914ರಲ್ಲಿ ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಬಂತು, ಈಗ ನಡೆಯುವುದು ಅದರ 1974ರ ರೂಪ. ಅದರ ಪ್ರಕಾರ ದೂರ ಸಾಗುವ ಪ್ರಯಾಣಿಕರ ಹಡಗಿನಲ್ಲಿ ದೋಣಿ ಮತ್ತು ತೆಪ್ಪ ಸೇರಿ ಹಡಗಿನ ಒಟ್ಟು ಜನಕ್ಕಿಂತ ಕಾಲುಭಾಗ ಹೆಚ್ಚು ಜನಕ್ಕೆ ಜಾಗ ಇರಬೇಕು. ಹಡಗಿನ ಹೊಟ್ಟೆಯೂ ಒಂದೇ ಕೋಣೆಯಲ್ಲ. ನೀರು ದಾಟದ ಗೋಡೆಗಳಿಂದ ಭಾಗ ಮಾಡಿರುತ್ತಾರೆ, ಒಂದು ಕಡೆ ನೀರು ನುಗ್ಗಿದರೂ ಉಳಿದ ಭಾಗ ತೇಲಿಸುತ್ತದೆ.

ಜನವರಿ 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದಾಗ ಅದೇ ದಿನ ಹತ್ತಿದ್ದ ಪ್ರಯಾಣಿಕರಿಗೆ, ಅಪಾಯದ ಹೊತ್ತಿನಲ್ಲಿ ಎಲ್ಲಿ ಸೇರಬೇಕು ಅನ್ನುವ ಅಭ್ಯಾಸ ಇನ್ನೂ ಮಾಡಿಸಿರಲಿಲ್ಲ. ಆಮೇಲೆ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ಅಭ್ಯಾಸ ಕಡ್ಡಾಯ. ಇದಕ್ಕೆ ಮಸ್ಟರ್ ಡ್ರಿಲ್ ಅನ್ನುತ್ತಾರೆ. ನಿಮ್ಮ ಕಾರ್ಡಿನ ಮೇಲೆ ಅಥವಾ ಕೋಣೆಯ ಬಾಗಿಲ ಹಿಂದೆ ಸೇರುವ ಜಾಗದ ಅಕ್ಷರ ಬರೆದಿರುತ್ತದೆ. ಏಳು ಗಿಡ್ಡ ಸೀಟಿ, ಆಮೇಲೆ ಒಂದು ಉದ್ದ ಸೀಟಿ ಕೇಳಿದರೆ ಅಲ್ಲಿಗೆ ಹೋಗಬೇಕು, ಲಿಫ್ಟಿನಲ್ಲಿ ಅಲ್ಲ, ಮೆಟ್ಟಿಲಲ್ಲಿ. ಆ ಸೀಟಿ ಕೇಳಿತು ಅಂದರೆ ನೀರಿಗೆ ಹಾರುವುದು ಅಂತ ಅರ್ಥವಲ್ಲ, ಒಂದೆಡೆ ಸೇರಿರಿ ಅಂತ ಮಾತ್ರ.

ತಾಯಿಯವರನ್ನು ಹತ್ತಿದ ದಿನವೇ ಕೋಣೆಯಿಂದ ಆ ಜಾಗದವರೆಗೆ ಎರಡು ಸಲ ಮೆಟ್ಟಿಲಲ್ಲೇ ನಡೆಸಿಕೊಂಡು ಹೋಗಿ ಬನ್ನಿ. ಮೊಣಕಾಲಿನಿಂದ ಆಗದಿದ್ದರೆ ಸ್ವಾಗತ ಕೌಂಟರಿನಲ್ಲಿ ಹೇಳಿ ಬರೆಸಿ. ನೆರವು ಬೇಕಾದವರ ಪಟ್ಟಿ ಅವರಲ್ಲಿರುತ್ತದೆ. ಮಗಳ ಅಳತೆಯ ಲೈಫ್ ಜಾಕೆಟ್ ಕೋಣೆಯಲ್ಲಿದೆಯೇ, ಸೇರುವ ಜಾಗದಲ್ಲಿದೆಯೇ ಅಂತಲೂ ಆಗಲೇ ಕೇಳಿ.

ಗಾತ್ರದ ಅಂದಾಜು ಬೇಕಿದ್ದರೆ: ಮುಂಬಯಿಯಿಂದ ಹೊರಡುವ ಎಂಪ್ರೆಸ್ ಹಡಗಿನ ಉದ್ದ ಸುಮಾರು 210 ಮೀಟರ್, ಹೆಚ್ಚು ಕಡಿಮೆ ಒಂಬತ್ತು ರೈಲು ಬೋಗಿ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನ ಬದಿಗೆ ಇಂಥ ಏಳು ಹಡಗು ಸಾಲಾಗಿ ನಿಲ್ಲಬಹುದು. ಅವ್ವನನ್ನು ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋಗಿ ಒಂಬತ್ತು ಬೋಗಿ ಎಣಿಸಿ ತೋರಿಸಿ. ಮನಸ್ಸಿನಲ್ಲಿರುವ ದೋಣಿಯ ಚಿತ್ರ ಹೋಗಲಿ.


ಸಾಧನಕೇರಿ_ದಂಡಿ (ಧಾರವಾಡ):

ಭಾಳ ಉಪಕಾರ ಆತ್ರಿ ಎಲ್ಲಾರದೂ. ಲಕ್ಷದ್ವೀಪ ಬಿಟ್ಟು ಗೋವಾನ ಅಂತ ಆತು, ನಡುಭಾಗದ ಕೆಳಗಿನ ಡೆಕ್ಕು ನೋಡ್ಲಿಕತ್ತೇವಿ. ಇನ್ನ ಮೂರು ಕೇಳೂದದ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಪೂಜಿ ಸಾಮಾನು ಎಲ್ಲಾ ಕಟ್ಲಿಕತ್ತಾಳ, ಒಯ್ಬಹುದೇನು? ಫೋನು ಹತ್ತತದೇನು? ಮತ್ತ ಮೊದಲು ಕಾರವಾರಕ್ಕ ಹೋಗಿ ದೋಣ್ಯಾಗ ಒಂದ್ ಸುತ್ತು ಹಾಕ್ಸಿ ಅಪ್ಪಾರ ವಾಂತಿ ಪರೀಕ್ಷಾ ಮಾಡಬೇಕಂತ ತಮ್ಮ ಹೇಳ್ತಾನ, ಹೆಂಗ?


ದುರ್ಗದಬೈಲ್_ಸಂತಿ (ಹುಬ್ಬಳ್ಳಿ):

ದೋಣಿ ಪರೀಕ್ಷಾ ಬ್ಯಾಡ್ರಿ. ಸಣ್ಣ ದೋಣಿ ಪ್ರತಿ ಅಲಿಗೂ ಕುಣೀತದ, ಮ್ಯಾಲೆ ಡೀಸೆಲ್ ಹೊಗಿ. ದೊಡ್ಡ ಹಡಗು ತಡಾ ಮಾಡಿ, ನಿಧಾನ ಓಲಾಡ್ತದ. ದೋಣ್ಯಾಗ ಆದ ವಾಂತಿ ಹಡಗಿನ ಬಗ್ಗೆ ಏನೂ ಹೇಳೂದಿಲ್ಲ, ಇದ್ದ ಧೈರ್ಯಾನೂ ಹೋಗ್ತದ ಅಷ್ಟs. ಗೋವಾದ ಮಾಂಡವಿ ನದ್ಯಾಗಿನ ಸಂಜಿ ಹಡಗೂ ಪರೀಕ್ಷಾ ಅಲ್ಲ, ಅಲ್ಲಿ ಅಲಿನs ಇಲ್ಲ.

ಊಟದ್ದು: ನಮ್ಮ ದೇಶದ ಮಂದಿ ಸಲುವಾಗಿ ನಡಿಯೂ ಹಡಗಿನಾಗ ಸಸ್ಯಾಹಾರ, ಜೈನ ಊಟಾ ಸಿಗ್ತಾವ, ಆದ್ರ ಬುಕ್ ಮಾಡೂವಾಗs ಬರಸಬೇಕು. ಮನ್ಯಾಗ ಮಾಡಿದ ಪಲ್ಯಾ, ಅನ್ನ, ಹೆಚ್ಚಿದ ಹಣ್ಣು ಗೇಟಿನಾಗ ಬಿಡೂದಿಲ್ಲ ಅಂತs ತಿಳ್ಕೋರಿ. ಒಣ ಪದಾರ್ಥ, ಅಂಗಡ್ಯಾಗ ಸೀಲ್ ಮಾಡಿದ ಚಟ್ನಿಪುಡಿ, ಪಾಕೀಟಿನ ಖಡಕ್ ರೊಟ್ಟಿ ಹೆಚ್ಚಾಗಿ ನಡೀತಾವ, ಕಂಪನಿಗೆ ಮೇಲ್ ಹಾಕಿ ಉತ್ತರ ತರಿಸ್ಕೊಂಡು ಅದರ ಪ್ರಿಂಟು ಕೈಯಾಗ ಇಟ್ಕೋರಿ. ಎಲಿ ಅಡಕಿ ಹಾಕೋ ಹಿರ್ಯಾರು ಇದ್ರ ಅಡಕತ್ತರಿ ಮನ್ಯಾಗ ಬಿಡ್ರಿ, ಸ್ಕ್ಯಾನರಿನಾಗ ಸಿಕ್ಕು ಕಸದು ಇಟ್ಕೋತಾರ. ಕತ್ತರಿಸಿದ ಅಡಕಿ ಒಯ್ರಿ.

ಪೂಜಿ ಬಗ್ಗೆ ಖಂಡಿತ ಅವ್ವಾರಿಗೆ ಮೊದಲs ಹೇಳ್ರಿ. ದೀಪ, ಊದಿನಕಡ್ಡಿ, ಕರ್ಪೂರ ಕೋಣ್ಯಾಗ ಹಚ್ಚೂಹಂಗಿಲ್ಲ. ಹಡಗಿನಾಗ ನೀರಿಗಿಂತ ಬೆಂಕಿಗೇ ಹೆಚ್ಚು ಅಂಜ್ತಾರ, ಓಡಿ ಹೋಗಲಿಕ್ಕೆ ಹೊರಗ ಜಾಗಾ ಇಲ್ಲ. ಕೋಣ್ಯಾಗ ಹೊಗಿ ಗುರುತು ಹಿಡಿಯೂ ಯಂತ್ರ ಇರ್ತದ, ಕೂಗಿಬಿಡ್ತದ. ವಿಭೂತಿ, ಕುಂಕುಮ, ಜಪದ ಸರಾ, ಇಷ್ಟಲಿಂಗ ಇದಕ್ಕೇನೂ ಅಡ್ಡಿ ಇಲ್ಲ. ಇಸ್ತ್ರಿ, ಕರೆಂಟಿನ ಕೆಟಲು, ನೀರು ಕಾಸೂ ರಾಡು ಇವೂ ಅದs ಕಾರಣಕ್ಕ ಬ್ಯಾಡ. ಬಿಸಿನೀರು ಊಟದ ಹಾಲ್‌ನಾಗ ಸಿಗ್ತದ, ಒಂದು ಥರ್ಮಾಸ್ ಒಯ್ರಿ. ಕೆಲವು ಹಡಗಿನ ಪ್ಲಗ್ಗಿಗೆ ನಮ್ಮ ಮೂರು ಕಡ್ಡಿ ಪಿನ್ನು ಕೂಡೂದಿಲ್ಲ, ದುಂಡು ಎರಡು ಕಡ್ಡಿದು ಒಂದು, ಚಪ್ಪಟಿ ಎರಡು ಕಡ್ಡಿದು ಒಂದು ಅಡಾಪ್ಟರ್ ಇರ್ಲಿ. ಒಂದು ಸಣ್ಣ ಮಗ್ಗೂ ಇರ್ಲಿ, ಬಚ್ಚಲಾ ಯಾವ ನಮೂನಿ ಇರ್ತದೋ.

ಫೋನು ದಂಡಿ ಬಿಟ್ಟು ತಾಸು-ಎರಡು ತಾಸಿಗೆ ಸಿಗ್ನಲ್ ಕಳಕೋತದ. ಅಲ್ಲಿಂದ ಮುಂದ ಹಡಗಿನ ಸ್ವಂತ ಸ್ಯಾಟಲೈಟ್ ನೆಟ್‌ವರ್ಕು ಇದ್ರ ಫೋನು ತಾನs ಅದನ್ನ ಹಿಡಿದು ರೋಮಿಂಗ್ ಬಿಲ್ಲು ಏರಸಬಹುದು, ನಾವು ನಮ್ಮ ದೇಶದಾಗs ಅದೇವಿ ಅನ್ನೂ ಲೆಕ್ಕ ಅದಕ್ಕಿಲ್ಲ. ಹಡಗು ಬಿಟ್ಟ ಕೂಡ್ಲೇ ಎಲ್ಲಾರ ಫೋನೂ ಏರೋಪ್ಲೇನ್ ಮೋಡಿಗೆ ಹಾಕ್ರಿ. ಯುಪಿಐ ನಂಬಿ ಹೋಗಬ್ಯಾಡ್ರಿ, ಒಂದು ಕಾರ್ಡು, ಒಂದಿಷ್ಟು ನಗದು ಇರ್ಲಿ. ಊರಾಗ ಇರಾವ್ರಿಗೆ "ಒಂದು ರಾತ್ರಿ ಫೋನು ಹತ್ತೂದಿಲ್ಲ, ಗೋವಾದಾಗ ಮಾಡ್ತೇವಿ" ಅಂತ ಹೇಳಿಟ್ರ ಆ ಕಡೆ ಅಂಜಿಕಿನೂ ತಪ್ಪತದ.

ಕೈ ತೊಳಿಯೂದು ಸಾಬಾಣ ಹಚ್ಚಿನs ಆಗಬೇಕು. ಹಡಗಿನಾಗ ಹಬ್ಬೂ ವಾಂತಿ-ಭೇದಿಯ ನೋರೋವೈರಸ್ಸಿಗೆ ಸ್ಯಾನಿಟೈಜರ್ ಅಷ್ಟು ನಡಿಯೂದಿಲ್ಲ. ಬಫೆದಾಗ ಎಲ್ಲಾರೂ ಹಿಡಿದ ಸೌಟು ಹಿಡೀತೀರಿ, ಅದಕ್ಕ ತಾಟು ತುಂಬಿಸ್ಕೊಂಡು ಬಂದ ಮ್ಯಾಲೆ ಇನ್ನೊಮ್ಮೆ ತೊಳದು ಊಟಕ್ಕ ಕೂಡ್ರಿ.


ಧಕ್ಕೆ_ದಾರಿ (ಹುಬ್ಬಳ್ಳಿ):

ಎರಡು ಸೇರಿಸುತ್ತೇನೆ. ಗೋವಾದಲ್ಲಿ ಇಳಿದು ಸ್ವಂತ ಟ್ಯಾಕ್ಸಿ ಮಾಡಿಕೊಂಡು ಮಂಗೇಶಿ, ಪಣಜಿ ತಿರುಗುವುದಾದರೆ ಹಡಗಿಗೆ ಮರಳುವ ಕೊನೆಯ ಹೊತ್ತಿಗಿಂತ ಎರಡು ಗಂಟೆ ಮುಂಚೆ ಬಂದರಿನಲ್ಲಿರಿ. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಐದೂ ಜನರ ಗುರುತಿನ ಚೀಟಿಯ ಮೂಲಪ್ರತಿ ಕೈಚೀಲದಲ್ಲಿರಲಿ, ಹೆಸರು ಟಿಕೆಟ್ಟಿನಲ್ಲಿ ಇದ್ದಂತೆಯೇ ಇದೆಯೇ ನೋಡಿಕೊಳ್ಳಿ. ನಮ್ಮ ಕಡೆ ಆಧಾರ್ ಕಾರ್ಡಿನಲ್ಲಿ ಅಡ್ಡಹೆಸರು ಇದ್ದು ಟಿಕೆಟ್ಟಿನಲ್ಲಿ ತಂದೆಯ ಹೆಸರು ಹಾಕಿಸಿದ್ದರಿಂದ ಕೌಂಟರಿನಲ್ಲಿ ಹೊತ್ತು ಹೋಗುತ್ತದೆ.

ಇನ್ನೊಂದು, ಮುಂಬಯಿಯಲ್ಲಿ ಟ್ಯಾಕ್ಸಿಯವರಿಗೆ ಬರೀ "ಹಡಗಿನ ಬಂದರು" ಅನ್ನಬೇಡಿ. ಎಲಿಫೆಂಟಾ ದೋಣಿ ಹೋಗುವ ಗೇಟ್‌ವೇ ಆಫ್ ಇಂಡಿಯಾಕ್ಕೋ, ಮಾಂಡ್ವಾ ಫೆರ್ರಿ ಹೋಗುವ ಭಾವುಚಾ ಧಕ್ಕಾಕ್ಕೋ ಒಯ್ದುಬಿಡುತ್ತಾರೆ. ಕ್ರೂಸ್ ಟರ್ಮಿನಲ್ ಇರುವುದು ಬಲ್ಲಾರ್ಡ್ ಎಸ್ಟೇಟಿನ ಕಡೆ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ರೈಲು ನಿಲ್ದಾಣದ ಹತ್ತಿರ. ಹಿಂದಿನ ರಾತ್ರಿಯ ಲಾಡ್ಜನ್ನೂ ಸಿಎಸ್‌ಎಂಟಿ ಅಥವಾ ಫೋರ್ಟ್ ಭಾಗದಲ್ಲೇ ಹಿಡಿಯಿರಿ, ದಾದರ್‌ನಲ್ಲಿ ಅಲ್ಲ. ಗೇಟಿನ ಹೆಸರು ಟಿಕೆಟ್ಟಿನ ಮೇಲಿರುತ್ತದೆ, ಅದನ್ನೇ ಓದಿ ಹೇಳಿ.